ಮ್ಯಾಥ್ಯೂ ಸ್ಟ್ರೀಟಿನ ಇನ್ನೊಂದು ನೆಲಮಾಳಿಗೆ

ಪ್ರೀತಿಯ ಪುಟ್ಟಿಗೆ,

ಲಿವರ್‌ಪೂಲಿನಿಂದ ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಮ್ಯಾಥ್ಯೂ ಸ್ಟ್ರೀಟಿನ ತುಂಬ ಬೀಟಲ್ಸ್, ಅವರು ನುಡಿಸುತ್ತಿದ್ದ ಕ್ಯಾವರ್ನ್ ಕ್ಲಬ್ಬು. ಜೊತೆಗೆ, ನಿಮ್ಮ ಬ್ಯಾಂಡಿಗೆ ಸಿಕ್ಕಿರುವ ಕೋಣೆ ಒಂದೇ ವರ್ಷಕ್ಕಂತೆ, ಅಷ್ಟಕ್ಕೆ ಯಾಕೆ ಶುರುಮಾಡಬೇಕು ಅನಿಸುತ್ತಿದೆ ಎಂದೂ ಬರೆದಿದ್ದೀಯ. ಅದಕ್ಕೇ ಎರಿಕ್ಸ್ ಎಂಬ ನೆಲಮಾಳಿಗೆಯ ಸಂಗೀತ ಕ್ಲಬ್ಬಿನ ಕತೆ ಹೇಳಬೇಕು ಅನಿಸಿತು.

ನೀನು ನಿಂತು ಫೋಟೋ ತೆಗೆದ ಬೀದಿಯಲ್ಲೇ, ಕ್ಯಾವರ್ನ್ ಇದ್ದ ಜಾಗದ ಎದುರಿಗೆ ಅದು ಇತ್ತು. ಹಳೆಯ ಕ್ಯಾವರ್ನ್ 1973ರಲ್ಲೇ ಮುಚ್ಚಿ, ಸುರಂಗ ರೈಲಿನ ಕೆಲಸಕ್ಕೆಂದು ಕಟ್ಟಡವನ್ನು ಕೆಡವಿದ್ದರು. 1976ರ ಅಕ್ಟೋಬರಿನಲ್ಲಿ ರೋಜರ್ ಈಗಲ್, ಕೆನ್ ಟೆಸ್ಟಿ, ಪೀಟ್ ಫುಲ್‌ವೆಲ್ ಸೇರಿ ಎರಿಕ್ಸ್ ಶುರುಮಾಡಿದರು. ಮೊದಲ ದಿನ ನುಡಿಸಿದ್ದು ಸ್ಟ್ರ್ಯಾಂಗ್ಲರ್ಸ್ ಎಂಬ ಬ್ಯಾಂಡು. ಈಗಲ್ ಅದಕ್ಕೂ ಮೊದಲು, ಅರವತ್ತರ ದಶಕದಲ್ಲಿ, ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್ ಕ್ಲಬ್ಬಿನಲ್ಲಿ ಅಮೆರಿಕದ ಕಪ್ಪು ಜನರ ಸಂಗೀತದ ರೆಕಾರ್ಡುಗಳನ್ನು ಹಾಕುತ್ತಿದ್ದವರು. ಒಳ್ಳೆಯದನ್ನು ಕೇಳಿಸಿಯೇ ತೀರಬೇಕೆಂಬ ಹಟದ ಮನುಷ್ಯ.

ನನಗೆ ಅಲ್ಲಿ ತುಂಬ ಹಿಡಿಸುವುದು ಮ್ಯಾಟಿನಿ ಶೋ. ರಾತ್ರಿಯ ಶೋಗೆ ಹದಿನೆಂಟು ತುಂಬದವರನ್ನು ಬಿಡುವಂತಿರಲಿಲ್ಲ. ಹಾಗಾಗಿ ಅದೇ ಬ್ಯಾಂಡು ಮಧ್ಯಾಹ್ನವೂ ಒಮ್ಮೆ ಹುಡುಗ ಹುಡುಗಿಯರಿಗಾಗಿ ನುಡಿಸುವ ಏರ್ಪಾಡು ಮಾಡಿದರು. 1979ರ ಆಗಸ್ಟಿನಲ್ಲಿ ಜಾಯ್ ಡಿವಿಷನ್ ಕೂಡ ಒಂದೇ ದಿನ ಎರಡು ಸಲ ನುಡಿಸಿತು. ಶಾಲೆಗೆ ಹೋಗುವ ಮಕ್ಕಳು ಅಂಥ ಸಂಗೀತವನ್ನು ಹತ್ತಿರದಲ್ಲೇ ನಿಂತು ಕೇಳುವುದೆಂದರೆ ಏನು ಭಾಗ್ಯ, ಯೋಚಿಸು!

ಕೇಳಲು ಬಂದವರೇ ವೇದಿಕೆಯನ್ನೂ ಹತ್ತಿದರು. 1978ರ ಅಕ್ಟೋಬರಿನಲ್ಲಿ ಆಂಡಿ ಮೆಕ್‌ಕ್ಲಸ್ಕಿ, ಪಾಲ್ ಹಂಫ್ರೀಸ್ ಎಂಬಿಬ್ಬರು ಒಂದು ಟೇಪ್ ರೆಕಾರ್ಡರನ್ನು ಜೊತೆಗಿಟ್ಟುಕೊಂಡು ಒಂದೇ ಒಂದು ಸಲಕ್ಕೆಂದು ನುಡಿಸಿದರು. ಆ ಜೋಡಿಯೇ ಮುಂದೆ ಓಎಂಡಿ ಎಂಬ ಬ್ಯಾಂಡಾಗಿ ಉಳಿಯಿತು. ಮರುತಿಂಗಳು ಎಕೋ ಅಂಡ್ ದ ಬನ್ನಿಮೆನ್ ಎಂಬ ಬ್ಯಾಂಡಿನವರು ಬಂದಾಗ ಅವರಿಗೆ ಡ್ರಮ್ಮರನೇ ಇರಲಿಲ್ಲ, ಡ್ರಮ್ ಮೆಷಿನ್ನೇ ತಾಳ ಹಾಕಿತು. ಟಿಯರ್‌ಡ್ರಾಪ್ ಎಕ್ಸ್‌ಪ್ಲೋಡ್ಸ್ ಎಂಬ ಇನ್ನೊಂದು ಬ್ಯಾಂಡು ಮೊದಲ ಸಲ ನುಡಿಸಿದ್ದೂ ಅದೇ ರಾತ್ರಿ. ಎಲ್ಲ ಕೂಡಿಬಂದ ಮೇಲೆ ಬನ್ನಿ ಎಂದು ಅವರನ್ನು ಯಾರೂ ವಾಪಸ್ ಕಳಿಸಲಿಲ್ಲ. ಅಲ್ಲಿಯದೇ ಬ್ಯಾಂಡಾದ ಬಿಗ್ ಇನ್ ಜಪಾನ್ ಬೇಗ ಚದುರಿತು, ಆದರೆ ಅದರಲ್ಲಿದ್ದ ಹಾಲಿ ಜಾನ್ಸನ್, ಬಡ್ಜಿ, ಇಯಾನ್ ಬ್ರೌಡಿ, ಬಿಲ್ ಡ್ರಮಂಡ್ ಒಬ್ಬೊಬ್ಬರೂ ಬೇರೆ ಬೇರೆ ಬ್ಯಾಂಡುಗಳಲ್ಲಿ ಹೆಸರು ಮಾಡಿದರು.

1980ರ ಮಾರ್ಚಿನಲ್ಲಿ ಪೊಲೀಸರ ದಾಳಿಯಾಯಿತು, ಕ್ಲಬ್ಬು ಮುಚ್ಚಿತು. ಎಲ್ಲ ಸೇರಿ ಮೂರೂವರೆ ವರ್ಷ.

ನಿಮಗೆ ಒಂದು ವರ್ಷ ಇದೆ. ಕೋಣೆಯನ್ನು ಬಿಡಬೇಡಿ. ನಿಮ್ಮಲ್ಲಿ ಡ್ರಮ್ ನುಡಿಸುವವರು ಇನ್ನೂ ಸಿಕ್ಕಿಲ್ಲವೆಂದು ಕಾಯಲೂಬೇಡಿ. ಮಧ್ಯಾಹ್ನದ ಹೊತ್ತು ಸುತ್ತಲಿನ ಶಾಲೆಯ ಮಕ್ಕಳಿಗೂ ಬಾಗಿಲು ತೆರೆದಿಡಿ. ಮೊದಲ ಶೋ ಯಾವತ್ತು ಅಂತ ಗೊತ್ತಾದ ಕೂಡಲೇ ಬರೆ. ಅಮ್ಮನೂ ಕೇಳುತ್ತಿದ್ದಾಳೆ.

ನಿನ್ನ
ಅಪ್ಪ