ಬರೆದ ವರ್ಷ ನೋಡಿ ಕ್ರಿಸ್ಟಿಯನ್ನು ಕೊಳ್ಳಿ

ಮಾನ್ಯ ಸಂಪಾದಕರೇ,

ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯ 1973ರ ‘ಪೋಸ್ಟರ್ನ್ ಆಫ್ ಫೇಟ್’ ಓದಿ ಬೇಸರಪಟ್ಟವರ ಪತ್ರಗಳನ್ನು ಈ ಅಂಕಣದಲ್ಲಿ ನೋಡಿದೆವು. ‘ಇಷ್ಟು ವರ್ಷ ನಂಬಿದ್ದಕ್ಕೆ ಮೋಸವಾಯಿತು’ ಎನ್ನುವ ಸಿಟ್ಟು ಕೆಲವರದು, ‘ನಮಗೇ ತಲೆಗೆ ಹೋಗಲಿಲ್ಲವೇನೋ’ ಎನ್ನುವ ಅಳುಕು ಇನ್ನು ಕೆಲವರದು. ಅಳುಕಿದವರಿಗೆ ಮೊದಲು ಹೇಳಿಬಿಡುತ್ತೇವೆ: ನಿಮ್ಮ ಓದಿನಲ್ಲಿ ಕೊರತೆಯಿಲ್ಲ. ಕೊಲೆಗಾರ ಯಾರೆಂದು ಓದುಗ ತಾನೇ ಲೆಕ್ಕ ಹಾಕಲು ಬೇಕಾದ ಸಾಮಗ್ರಿ ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಸಿಟ್ಟಾದವರಿಗೆ ಹೇಳಬೇಕಾದದ್ದು ಸ್ವಲ್ಪ ಉದ್ದವಿದೆ.

ಪತ್ತೇದಾರಿ ಕಾದಂಬರಿಯಲ್ಲಿ ಮೋಸ ಎಂದರೆ ಸುಳಿವನ್ನು ಓದುಗನಿಂದ ಮುಚ್ಚಿಡುವುದು. 1926ರಲ್ಲಿ ‘ದ ಮರ್ಡರ್ ಆಫ್ ರೋಜರ್ ಆ್ಯಕ್ರಾಯ್ಡ್’ ಬಂದಾಗಲೂ ಈ ದೂರು ಎದ್ದಿತ್ತು. ಆದರೆ ಮತ್ತೆ ಓದಿದರೆ ಎಲ್ಲ ಸುಳಿವೂ ಕಣ್ಣೆದುರೇ ಇದೆ, ನಾವೇ ದಾಟಿಕೊಂಡು ಹೋಗಿರುತ್ತೇವೆ. ‘ಪೋಸ್ಟರ್ನ್’ ಬಗ್ಗೆ ಆ ದೂರನ್ನೂ ಹೇಳಲಾಗದು. ಮುಚ್ಚಿಡಲಿಕ್ಕೆ ಏನಾದರೂ ಇರಬೇಕಲ್ಲ!

ಆರಂಭವೇನೋ ಹಳೆಯ ಕ್ರಿಸ್ಟಿಯದೇ. ಆಕೆಯ ಹಳೆಯ ಪತ್ತೇದಾರಿ ಜೋಡಿ, ಈಗ ವಯಸ್ಸಾದ ಟಾಮಿ–ಟಪ್ಪೆನ್ಸ್ ದಂಪತಿ ಕೊಂಡ ಮನೆಯಲ್ಲಿ ಹಿಂದಿನವರು ಬಿಟ್ಟುಹೋದ ಮಕ್ಕಳ ಪುಸ್ತಕಗಳ ರಾಶಿ. ಸ್ಟೀವನ್ಸನ್ ಬರೆದ ‘ದ ಬ್ಲ್ಯಾಕ್ ಆ್ಯರೋ’ ಪ್ರತಿಯೊಳಗೆ ಅಲ್ಲಲ್ಲಿ ಅಕ್ಷರಗಳ ಕೆಳಗೆ ಗೆರೆ. ಆ ಅಕ್ಷರಗಳನ್ನು ಜೋಡಿಸಿದರೆ ಸಿಗುವ ಸಂದೇಶ: ಮೇರಿ ಜೋರ್ಡನ್‌ಳದು ಸಹಜ ಸಾವಲ್ಲ, ಮಾಡಿದ್ದು ನಮ್ಮಲ್ಲೇ ಒಬ್ಬರು. ಇಷ್ಟು ಓದಿದ ಯಾರಾದರೂ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ.

‘ನಮ್ಮಲ್ಲೇ ಒಬ್ಬರು’ ಎಂದ ಮೇಲೆ ಆ ‘ನಾವು’ ಯಾರು ಯಾರು ಎಂದು ಬೇಗ ಗೊತ್ತಾಗಬೇಕು. ಆ ದಿನ ಮನೆಯಲ್ಲಿ ಎಷ್ಟು ಜನ, ಅಡುಗೆಮನೆಗೆ ಹೋದವರಾರು, ತೋಟಕ್ಕೆ ಇಳಿದವರಾರು, ಆಕೆ ಸತ್ತರೆ ಯಾರಿಗೆ ಲಾಭ. ಪಟ್ಟಿ ಸಿದ್ಧವಾದರೆ ಓದುಗ ಒಂದೊಂದೇ ಹೆಸರು ಹೊಡೆದುಹಾಕುತ್ತ ಹೋಗುತ್ತಾನೆ. ಇಲ್ಲಿ ಆ ಪಟ್ಟಿ ಕೊನೆಯವರೆಗೂ ಗಟ್ಟಿಯಾಗುವುದಿಲ್ಲ. ಘಟನೆ ಮೊದಲ ಮಹಾಯುದ್ಧದ ಕಾಲದ್ದು, ಕಂಡವರು ಉಳಿದಿಲ್ಲ. ಸಿಗುವುದೆಲ್ಲ ತೋಟದ ಮುದುಕ, ಊರ ಅಜ್ಜಿಯರು, ನಿವೃತ್ತ ಅಧಿಕಾರಿಗಳ ಬಾಯಲ್ಲಿ ‘ಯಾರೋ ಹಾಗೆ ಹೇಳಿದ್ದರು, ಏನೋ ಗೂಢಚಾರರ ವಿಷಯವಂತೆ’ ಎಂಬ ಅಂತೆಕಂತೆ. ಒಬ್ಬರು ಹೇಳಿದ್ದನ್ನೇ ಮುಂದಿನ ಅಧ್ಯಾಯದಲ್ಲಿ ಇನ್ನೊಬ್ಬರು ಹೇಳುತ್ತಾರೆ. ಆಮೇಲೆ ಗಂಡ ಹೆಂಡತಿಗೆ ಹೇಳುತ್ತಾನೆ. ನಾಯಿ ಹ್ಯಾನಿಬಲ್ ಬಂದಾಗ ಮಾತ್ರ ಪುಟಕ್ಕೆ ಜೀವ ಬರುತ್ತದೆ. ಅದನ್ನು ಒಪ್ಪಿಕೊಳ್ಳಲೇಬೇಕು.

ವಿಷದ ಸಂಗತಿ ನೋಡಿ. ‘ಪೋಸ್ಟರ್ನ್’ನಲ್ಲಿ ಪಾಲಕ್ ಸೊಪ್ಪಿನ ಜೊತೆ ಫಾಕ್ಸ್‌ಗ್ಲೋವ್ ಎಂಬ ಹೂಗಿಡದ ಎಲೆ ಸೇರಿಹೋಗುತ್ತದೆ. ಹೃದಯದ ಔಷಧಿ ಡಿಜಿಟಾಲಿಸ್ ಸಿಗುವುದು ಇದೇ ಗಿಡದಿಂದ. ಪ್ರಮಾಣ ಮೀರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಈ ಉಪಾಯವನ್ನು ಕ್ರಿಸ್ಟಿ ನಲವತ್ತು ವರ್ಷ ಮೊದಲೇ ಬಳಸಿದ್ದರು. 1932ರ ‘ದ ಥರ್ಟೀನ್ ಪ್ರಾಬ್ಲಮ್ಸ್’ ಸಂಕಲನದ ‘ದ ಹರ್ಬ್ ಆಫ್ ಡೆತ್’ ಕತೆಯಲ್ಲಿ ಫಾಕ್ಸ್‌ಗ್ಲೋವ್ ಎಲೆ ಸೇಜ್ ಸೊಪ್ಪಿನ ಜೊತೆ ಅಡುಗೆಗೆ ಬೀಳುತ್ತದೆ. ಎಲ್ಲರೂ ಉಂಡರು, ಎಲ್ಲರಿಗೂ ಆರೋಗ್ಯ ಕೆಟ್ಟಿತು, ಸತ್ತವಳು ಒಬ್ಬಳೇ. ಏಕೆ? ಆ ಒಂದು ‘ಏಕೆ’ಯನ್ನು ಹಿಡಿದೇ ಕ್ರಿಸ್ಟಿಯ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಗಂಟು ಬಿಚ್ಚುತ್ತಾಳೆ. ಸಣ್ಣ ಕತೆಯಲ್ಲಿ ಸೊಪ್ಪು ಸುಳಿವೂ ಹೌದು, ದಾರಿ ತಪ್ಪಿಸುವ ಬಲೆಯೂ ಹೌದು. ಇಡೀ ಕಾದಂಬರಿಯಲ್ಲಿ ಅದೇ ಸೊಪ್ಪು ಬರೀ ಸುದ್ದಿಯಾಗಿ ಉಳಿದಿದೆ.

ಒಂದು ವಸ್ತುವಿನಿಂದ ಎರಡು ಕೆಲಸ ತೆಗೆಯುವ ಈ ಕೈಚಳಕ ಆಕೆಗೆ ಮೊದಲ ಪುಸ್ತಕದಲ್ಲೇ ಇತ್ತು. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದವರು ಆಕೆ. 1920ರ ‘ದ ಮಿಸ್ಟೀರಿಯಸ್ ಅಫೇರ್ ಆ್ಯಟ್ ಸ್ಟೈಲ್ಸ್’ನಲ್ಲಿ ಬರುವ ಸ್ಟ್ರಿಕ್ನೀನ್ ನಮ್ಮ ಕಾಸರಕದ ಬೀಜದ ವಿಷ. (ಆ ಪುಸ್ತಕ ಓದಬೇಕೆಂದಿರುವವರು ಮುಂದಿನ ಮೂರು ವಾಕ್ಯ ಬಿಟ್ಟುಬಿಡಿ.) ಆ ಕಾಲದ ಟಾನಿಕ್‌ನಲ್ಲಿ ಅದು ಚೂರು ಇರುತ್ತಿತ್ತು, ಬಾಟಲಿಗೆ ನಿದ್ರೆಯ ಬ್ರೋಮೈಡ್ ಪುಡಿ ಬೆರೆಸಿದರೆ ಸ್ಟ್ರಿಕ್ನೀನ್ ಹರಳುಗಟ್ಟಿ ತಳಕ್ಕೆ ಇಳಿಯುತ್ತದೆ. ಅಲ್ಲಾಡಿಸದೆ ದಿನವೂ ಕುಡಿಯುತ್ತ ಬಂದವರಿಗೆ ಕೊನೆಯ ಗುಟುಕಿನಲ್ಲಿ ಸಾವು. ಬ್ರೋಮೈಡ್ ಪುಡಿಯ ಡಬ್ಬಿ, ಮುಗಿಯುತ್ತ ಬಂದ ಟಾನಿಕ್, ಎರಡೂ ಮೊದಲೇ ನಮ್ಮ ಕಣ್ಣಿಗೆ ಬಿದ್ದಿರುತ್ತವೆ. ಔಷಧ ತಜ್ಞರ ಪತ್ರಿಕೆಯೇ ಆ ಪುಸ್ತಕವನ್ನು ಮೆಚ್ಚಿ ವಿಮರ್ಶೆ ಬರೆದಿತ್ತು.

‘ಎಲಿಫಂಟ್ಸ್ ಕ್ಯಾನ್ ರಿಮೆಂಬರ್’ (1972) ಬಗ್ಗೆ ಬೇಸರಪಟ್ಟವರು ಅದರ ಪಕ್ಕದಲ್ಲಿ 1942ರ ‘ಫೈವ್ ಲಿಟ್ಲ್ ಪಿಗ್ಸ್’ ಇಟ್ಟು ನೋಡಲಿ. ಎರಡರಲ್ಲೂ ಆಕೆಯ ಪತ್ತೇದಾರ ಪಾಯ್ರೋ ಬಿಡಿಸಬೇಕಾದದ್ದು ಹಳೆಯ ಸಾವಿನ ಒಗಟು, ಎರಡರಲ್ಲೂ ಸಾಕ್ಷಿ ಎಂದರೆ ಜನರ ನೆನಪು. ‘ಪಿಗ್ಸ್’ನಲ್ಲಿ ಹದಿನಾರು ವರ್ಷದ ಹಿಂದಿನ ಕೊಲೆ, ಐದೇ ಜನ. ಐವರೂ ಕಂಡದ್ದನ್ನು ಬರೆದುಕೊಡುತ್ತಾರೆ. ಒಬ್ಬರ ಕಣ್ಣಿಗೆ ಬಿದ್ದದ್ದು ಇನ್ನೊಬ್ಬರಿಗೆ ಬಿದ್ದಿಲ್ಲ. ಒಂದೇ ಮಾತನ್ನು ಇಬ್ಬರು ಬೇರೆ ಬೇರೆ ಅರ್ಥದಲ್ಲಿ ಕೇಳಿಸಿಕೊಂಡಿದ್ದಾರೆ. ಗಂಟು ಸಡಿಲುವುದೇ ಆ ವ್ಯತ್ಯಾಸದಲ್ಲಿ. ‘ಎಲಿಫಂಟ್ಸ್’ನಲ್ಲಿ ಪಾಯ್ರೋನ ಗೆಳತಿ ಮಿಸೆಸ್ ಆಲಿವರ್ ಮನೆಯಿಂದ ಮನೆಗೆ ಹೋಗಿ ಚಹಾ ಕುಡಿದು ಬರುತ್ತಾರೆ, ಸಿಗುವುದು ಬಹುಮಟ್ಟಿಗೆ ಒಂದೇ ಗಾಳಿಸುದ್ದಿ. ಸಾವು ನಡೆದು ಎಷ್ಟು ವರ್ಷವಾಯಿತು, ಯಾರಿಗೆ ಎಷ್ಟು ವಯಸ್ಸು ಎಂಬುದೇ ಅಧ್ಯಾಯದಿಂದ ಅಧ್ಯಾಯಕ್ಕೆ ತಾಳೆಯಾಗುವುದಿಲ್ಲ. ನೆನಪನ್ನೇ ನಂಬಿದ ಕತೆಯಲ್ಲಿ ಇಸವಿ ಅಲುಗಿದರೆ ಓದುಗ ನಿಲ್ಲುವುದಾದರೂ ಎಲ್ಲಿ?

ಕೊನೆಯ ಪುಸ್ತಕಗಳ ಈ ಕುಸಿತಕ್ಕೆ ಕಾರಣ ಹುಡುಕಿದವರಿದ್ದಾರೆ. ಟೊರಾಂಟೊ ವಿಶ್ವವಿದ್ಯಾಲಯದ ಇಯಾನ್ ಲ್ಯಾಂಕಾಶೈರ್ ಮತ್ತು ಗ್ರೇಮ್ ಹರ್ಸ್ಟ್ 2009ರಲ್ಲಿ ಆಕೆಯ ಬೇರೆ ಬೇರೆ ಕಾಲದ ಕಾದಂಬರಿಗಳ ಪದಗಳನ್ನು ಕಂಪ್ಯೂಟರ್‌ನಲ್ಲಿ ಎಣಿಸಿದರು. 1954ರ ‘ಡೆಸ್ಟಿನೇಶನ್ ಅನ್‌ನೋನ್’ಗೆ ಹೋಲಿಸಿದರೆ ‘ಎಲಿಫಂಟ್ಸ್’ನ ಪದಸಂಪತ್ತು ಶೇ 31ರಷ್ಟು ಕುಸಿದಿತ್ತು. ಅಂದದ್ದನ್ನೇ ಅನ್ನುವುದು, ‘ಏನೋ ಒಂದು’, ‘ಅದೇ, ಆ ವಿಷಯ’ ಎಂಬಂಥ ಪದಗಳು ಏರಿದ್ದವು. ಇದು ಮರೆವಿನ ಕಾಯಿಲೆಯ ಗುರುತಿರಬಹುದು ಎಂದು ಅವರ ಊಹೆ. ಆಕೆ ಬದುಕಿದ್ದಾಗ ಯಾವ ವೈದ್ಯರೂ ಹಾಗೆ ಘೋಷಿಸಿದ್ದಿಲ್ಲ, ಆದ್ದರಿಂದ ಊಹೆ ಎಂದೇ ಇಟ್ಟುಕೊಳ್ಳೋಣ. ಬರೀ ವಯಸ್ಸು ಎನ್ನುವಂತೆಯೂ ಇಲ್ಲ. 1967ರ ‘ಎಂಡ್‌ಲೆಸ್ ನೈಟ್’ ಬಂದಾಗ ಆಕೆಗೆ 77. ಅದರ ಹೆಣಿಗೆಯಲ್ಲಿ ಒಂದು ಎಳೆ ಸಡಿಲವಿಲ್ಲ. ‘ಪೋಸ್ಟರ್ನ್’ ಬಂದಾಗ 83.

ನಮ್ಮ ಸಿಟ್ಟು ಬೇರೆ ಕಡೆಗೆ. ‘ಕ್ರಿಸ್‌ಮಸ್‌ಗೊಂದು ಕ್ರಿಸ್ಟಿ’ ಎಂದು ಪ್ರತಿವರ್ಷ ಮಾರುವುದು ಪ್ರಕಾಶಕ ಕಾಲಿನ್ಸ್ ಸಂಸ್ಥೆಗೆ ರೂಢಿಯಾಗಿತ್ತು. ಇಸವಿಗಳ ಗೊಂದಲ ತಿದ್ದಲು, ಎರಡು ಸಲ ಬಂದ ಸಂಭಾಷಣೆ ಕತ್ತರಿಸಲು ಪ್ರತಿಭೆ ಬೇಕಿಲ್ಲ, ಪೆನ್ಸಿಲ್ ಹಿಡಿದ ಒಬ್ಬ ಸಂಪಾದಕ ಸಾಕು. ಅಚ್ಚಾದ ಪುಸ್ತಕದಲ್ಲಿ ಆ ಪೆನ್ಸಿಲ್ ಓಡಾಡಿದ ಗುರುತು ಕಾಣುವುದಿಲ್ಲ.

ಇನ್ನು ಕೊಳ್ಳುವವರಿಗೆ ಕೆಲಸಕ್ಕೆ ಬರುವ ಮಾತು. ಪ್ರಕಟಣೆಯ ವರ್ಷ ನೋಡಿ ಕ್ರಿಸ್ಟಿಯನ್ನು ಅಳೆಯಬೇಡಿ. ‘ಕರ್ಟನ್’ 1975ರಲ್ಲಿ, ‘ಸ್ಲೀಪಿಂಗ್ ಮರ್ಡರ್’ ಆಕೆ ತೀರಿಕೊಂಡ ಮೇಲೆ 1976ರಲ್ಲಿ ಬಂದವು. ಎರಡನ್ನೂ ಬರೆದದ್ದು ಮಾತ್ರ ಎರಡನೇ ಮಹಾಯುದ್ಧದ ಕಾಲದಲ್ಲಿ. ಒಂದು ಮಗಳಿಗೆ, ಇನ್ನೊಂದು ಗಂಡನಿಗೆ ಎಂದು ಬರೆದು ಎತ್ತಿಟ್ಟಿದ್ದರು. ಆದ್ದರಿಂದ ‘ಕೊನೆಯವು ಚೆನ್ನಾಗಿರುವುದಿಲ್ಲವಂತೆ’ ಎಂದು ಇವೆರಡನ್ನು ಬಿಟ್ಟರೆ ನಷ್ಟ ನಿಮಗೇ. ಆಕೆ ನಿಜಕ್ಕೂ ಕೊನೆಯದಾಗಿ ಬರೆದ ಕಾದಂಬರಿ 1973ರ ‘ಪೋಸ್ಟರ್ನ್’. ‘ಪ್ಯಾಸೆಂಜರ್ ಟು ಫ್ರಾಂಕ್‌ಫರ್ಟ್’ (1970) ಪತ್ತೇದಾರಿಯೇ ಅಲ್ಲ, ಅದರಲ್ಲಿ ಕೊಲೆಗಾರನನ್ನು ಹುಡುಕಲು ಹೊರಟರೆ ಆಯಾಸವಷ್ಟೇ. ‘ನೆಮೆಸಿಸ್’ (1971) ನಿಧಾನ, ಆದರೂ ಓದಿಸಿಕೊಳ್ಳುತ್ತದೆ.

ಟಾಮಿ–ಟಪ್ಪೆನ್ಸ್ ಮೇಲಿನ ಅಕ್ಕರೆಯಿಂದಲೇ ‘ಪೋಸ್ಟರ್ನ್’ ಕೊಂಡವರು 1922ರ ‘ದ ಸೀಕ್ರೆಟ್ ಅಡ್ವರ್ಸರಿ’ಗೆ ಹಿಂದಿರುಗಲಿ, ಅಲ್ಲಿ ಇಬ್ಬರ ವಯಸ್ಸು ಕೂಡಿಸಿದರೂ 45 ಆಗುವುದಿಲ್ಲ. ಅದಾದ ಮೇಲೆ 1941ರ ‘ಎನ್ ಆರ್ ಎಮ್?’. ಅದರಲ್ಲಿ ಕಡಲತೀರದ ಒಂದು ವಸತಿಗೃಹ, ಅಲ್ಲಿ ತಂಗಿರುವ ಕೆಲವೇ ಜನ, ಅವರ ನಡುವೆ ಬಚ್ಚಿಟ್ಟುಕೊಂಡ ಶತ್ರು. ‘ನಮ್ಮಲ್ಲೇ ಒಬ್ಬರು’ ಎಂಬ ಮಾತು ಅಲ್ಲಿ ಕೆಲಸ ಮಾಡುತ್ತದೆ.

ಕನ್ನಡಕ್ಕೆ ಇಂಥ ಕಾದಂಬರಿ ತರುವ ಪ್ರಕಾಶಕರಲ್ಲಿ ಒಂದು ಕೋರಿಕೆ: ಹಕ್ಕುಗಳ ಪುಟದಲ್ಲಿ ಅನುವಾದದ ವರ್ಷದ ಕೆಳಗೆ, ಮೂಲ ಬರೆದದ್ದು ಯಾವಾಗ, ಅಚ್ಚಾದದ್ದು ಯಾವಾಗ ಎಂದು ಎರಡು ಇಸವಿ ಹಾಕಿ. ಒಂದೇ ಸಾಲು ಸಾಕು.

ಇಂತಿ,
ಇಬ್ಬರು ಪತ್ತೇದಾರಿ ಓದುಗರು, ಮೈಸೂರು