ಒಂದನೇ ತಾರೀಕಿನ ಸಂಬಳ ಬಿಟ್ಟ ಮೇಲೆ

ಪ್ರೀತಿಯ ಪುಟ್ಟನಿಗೆ,

ಚಿಕ್ಕಮ್ಮನ ಆಶೀರ್ವಾದಗಳು.

ಕಂಪನಿ ಕೆಲಸ ಬಿಟ್ಟು ಸ್ವಂತವಾಗಿ ಡಿಸೈನ್ ಕೆಲಸ ಮಾಡ್ತಿರೋದು ಹೇಗಿದೆ ಅಂತ ಕೇಳಿದ್ದಕ್ಕೆ ಮೊನ್ನೆ ಫೋನಿನಲ್ಲಿ ನೀನು "ಕೆಲಸ ಬರ್ತಿದೆ ಚಿಕ್ಕಮ್ಮ, ಆದರೂ ಏನೋ ಕಳಕೊಂಡ ಹಾಗಿದೆ" ಅಂದೆ. ಅವತ್ತಿನಿಂದ ಆ ಮಾತೇ ಮನಸ್ಸಿನಲ್ಲಿ ಕೂತಿದೆ.

ಕಳಕೊಂಡಿದ್ದೀಯ, ನಿಜ. ಬರೀ ಸಂಬಳ ಅಲ್ಲ. ಕತ್ತಿನ ಐಡಿ ಕಾರ್ಡ್, ಬೆಳ್ಳಂದೂರಿನ ಟ್ರಾಫಿಕ್ಕನ್ನು ಬೈಯುತ್ತಾ ಜೊತೆಗೆ ಕೂತಿರುತ್ತಿದ್ದ ಕ್ಯಾಬ್‌ನವರು, ನಾಲ್ಕು ಗಂಟೆಯ ಟೀ, ಅಪ್ರೈಸಲ್‌ನಲ್ಲಿ "ಚೆನ್ನಾಗಿ ಮಾಡಿದೀಯ" ಅನ್ನೋ ಒಂದು ಮಾತು. ಎಲ್ಲ ಒಟ್ಟಿಗೆ ಹೋಯಿತು. ಬೇಜಾರು ಆಗದೇ ಇರುತ್ತದಾ? ಆದರೆ ಬೇಜಾರಾಯಿತು ಅಂದ ಮಾತ್ರಕ್ಕೆ ನಿರ್ಧಾರ ತಪ್ಪಾಯಿತು ಅಂತಲ್ಲ. ಎರಡನ್ನೂ ಕಲಸಿಕೊಳ್ಳಬೇಡ.

ನನ್ನ ಟೈಲರಿಂಗ್ ಅಂಗಡಿ ನೋಡಿದ್ದೀಯಲ್ಲ. ಆಷಾಢದಲ್ಲಿ ಮದುವೆ ಇರಲ್ಲ, ಬ್ಲೌಸ್ ಹೊಲಿಸುವವರೂ ಬರಲ್ಲ. ಮೆಷಿನ್ನಿಗೆ ಎಣ್ಣೆ ಬಿಟ್ಟು, ಬಾಬಿನ್ ಹತ್ತಿರದ ನೂಲಿನ ಧೂಳು ತೆಗೆದು, ಉಳಿದ ಲೈನಿಂಗ್ ಬಟ್ಟೆಯನ್ನು ಬಣ್ಣ ನೋಡಿ ಮಡಚಿಡುತ್ತೇನೆ. ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದರೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಗಿರಾಕಿ ಬರಲಿಲ್ಲ ಅಂದರೆ ನನ್ನ ಕೈಕೆಲಸ ಕೆಟ್ಟಿತು ಅಂತ ಅಲ್ಲ. ನಿನ್ನ ಡಿಸೈನ್ ಕೆಲಸಕ್ಕೂ ಇಂಥ ತಿಂಗಳುಗಳಿರುತ್ತವೆ. ಅವು ಯಾವುವು ಅಂತ ತಿಳಿಯೋಕೆ ಒಂದೆರಡು ವರ್ಷ ಬೇಕು. ಅಲ್ಲಿಯವರೆಗೆ ಖಾಲಿ ವಾರಕ್ಕೆಲ್ಲ ಸೋಲು ಅಂತ ಹೆಸರಿಡಬೇಡ.

ಬರುವ ದುಡ್ಡಿಗೆ ಬೇರೆ ಖಾತೆ ಮಾಡು. ಅಲ್ಲಿಂದ ಪ್ರತಿ ಒಂದನೇ ತಾರೀಕು ನಿನ್ನ ಖಾತೆಗೆ ಇಷ್ಟು ಅಂತ ಹಾಕಿಕೋ. ಕಡಿಮೆಯಾದರೂ ಪರವಾಗಿಲ್ಲ. ತಿಂಗಳ ಲೆಕ್ಕ ಒಂದು ಹಿಡಿತಕ್ಕೆ ಬಂದರೆ ಮನಸ್ಸೂ ಬರುತ್ತದೆ. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗಿದೆ. ಅಮ್ಮನನ್ನೂ ಸೇರಿಸಿ ಸ್ವಂತ ಪಾಲಿಸಿ ಮಾಡಿಸು. ರಾತ್ರಿ ನಿದ್ದೆ ಕೆಡಿಸುವ ಅರ್ಧ ಯೋಚನೆ ಅದೇ ಇರಬೇಕು.

ಬಾಕಿ ಕೇಳೋಕೆ ನಾಚಿಕೆ ಅಂದೆಯಲ್ಲ, ಅದು ಕೇಳಿ ನನಗೆ ನಿಜಕ್ಕೂ ನೋವಾಯಿತು. ಮಾಡಿದ ಕೆಲಸಕ್ಕೆ ದುಡ್ಡು ಕೇಳುವುದು ಯಾರ ಮುಂದೆಯೂ ಕೈಚಾಚಿದ ಹಾಗಲ್ಲ. ಮುಂದಿನ ಕೆಲಸ ಒಪ್ಪಿಕೊಳ್ಳುವ ಮುಂಚೆ, ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸು. ಆನ್‌ಲೈನಲ್ಲೇ ಆಗುತ್ತದೆ, ಫೀಸಿಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ನೋಂದಣಿಯಾದ ಸಣ್ಣ ಉದ್ಯಮಕ್ಕೆ ಕೆಲಸ ಮಾಡಿಸಿಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ. ಬಿಲ್ಲಿನಲ್ಲೇ ಆ ನೋಂದಣಿ ನಂಬರ್ ಹಾಕಿಬಿಡು. ಕಾನೂನು ಬೆನ್ನಿಗಿದ್ದರೆ ಕೇಳುವ ದನಿ ತಾನಾಗಿ ಗಟ್ಟಿಯಾಗುತ್ತದೆ.

ಇನ್ನೊಂದು. ಮದುವೆ ಮನೆಯಲ್ಲಿ ಯಾರಾದರೂ "ಮಗ ಯಾವ ಕಂಪನಿ?" ಅಂತ ಕೇಳಿದರೆ ನನ್ನ ಅಕ್ಕನಿಗೆ, ಅಂದರೆ ನಿಮ್ಮಮ್ಮನಿಗೆ, ಏನು ಹೇಳಬೇಕೋ ತಿಳಿಯುವುದಿಲ್ಲ. ಅವಳ ಪಕ್ಕ ಕೂತು, ನೀನು ಮಾಡಿದ ಆ ಔಷಧಿ ಅಂಗಡಿಯ ಆ್ಯಪನ್ನು ಅವಳ ಫೋನಿಗೇ ಹಾಕಿ ತೋರಿಸು. ಬಟನ್ ಎಲ್ಲಿಟ್ಟೆ, ಅಕ್ಷರ ಯಾಕೆ ದಪ್ಪ ಮಾಡಿದೆ, ಹೇಳು. ಅವಳಿಗೆ ಅರ್ಥವಾಗುತ್ತದೆ. ಅವಳ ಬಾಯಲ್ಲಿ ಒಂದು ಒಳ್ಳೆ ಮಾತು ಕೇಳುವುದು ನಿನಗೂ ಈಗ ಬೇಕು.

ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋಗು. ಒಬ್ಬರನ್ನಾದರೂ ಮುಖ ನೋಡಿ ಮಾತಾಡಿಸು. ವಾರಗಟ್ಟಲೆ ನಿದ್ದೆ ಬಾರದೆ, ಏನೂ ಬೇಡ ಅನ್ನಿಸಿದರೆ ಸುಮ್ನೆ ನುಂಗಿಕೊಂಡು ಕೂರಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನನಗೂ ಮಾಡು, ಎಷ್ಟು ಹೊತ್ತಾದರೂ ಸರಿ.

ಯುಗಾದಿಯಿಂದ ನಿಂತಿರುವ ಆ ಬಿಲ್ಲಿಗೆ ಈ ಸೋಮವಾರವೇ ಬರೆದು ಕೇಳು. ಕಳಿಸುವ ಮುಂಚೆ ನನಗೊಮ್ಮೆ ಓದಿ ಹೇಳು.

ಇಂತಿ,
ನಿನ್ನ ಚಿಕ್ಕಮ್ಮ