ತೋಟ ಇರುವವರು ಕೇಳಬಾರದಾ?

ಕುಂಬಳೆ
ಆಟಿ ತಿಂಗಳು

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಮೊನ್ನೆ ಸಂಜೆ ಸಿಕ್ಕಿತು. ಎರಡು ಸಲ ಓದಿದೆ. ಊಟ ಆದ ಮೇಲೆ ಮತ್ತೆ ತೆಗೆದು ಒಂದೇ ಒಂದು ಸಾಲು ಓದಿದೆ. "ತೋಟ ಇರುವ ನಾವು ಸ್ಕಾಲರ್‌ಶಿಪ್ ಕೇಳಿದರೆ ನಿಜವಾದ ಬಡವರ ಪಾಲು ಕಿತ್ತುಕೊಂಡ ಹಾಗಲ್ವಾ ಮಾವ?" ಅಂತ ಬರೆದಿದ್ದೀಯ. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಅಪ್ಪನ ಬೆನ್ನು, ಸೊಸೈಟಿಯ ಸಾಲ, ಎರಡು ವರ್ಷದಿಂದ ಅಡಿಕೆಯನ್ನು ಬಿಡದ ಮಹಾಳಿ ರೋಗ, ಅದೆಲ್ಲ ನಮಗೆ ಗೊತ್ತಿರುವುದೇ. ಮತ್ತೆ ಬರೆಯುವುದಿಲ್ಲ. ನನಗೆ ಆ ಸಾಲಿನದೇ ಚಿಂತೆ. ಯಾರಾದರೂ ಏನಾದರೂ ಅಂದರಾ? ಅಂದಿದ್ದರೆ ಹೋಗಲಿ, ಬಿಡು. ಅದು ನಿನ್ನ ತಲೆಯಲ್ಲೇ ಹುಟ್ಟಿದ ಮಾತಾದರೆ ನನಗೆ ಹೆದರಿಕೆ ಜಾಸ್ತಿ. ಯಾಕೆಂದರೆ ಅದೇ ಮಾತನ್ನು ಒಮ್ಮೆ ನಾನೂ ನನಗೆ ಹೇಳಿಕೊಂಡಿದ್ದೆ.

ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಪಾಲಿನ ವಿಷಯ.

ನೀನು ಹೇಳಿದ ಕೇಂದ್ರ ಸರಕಾರದ ಸ್ಕಾಲರ್‌ಶಿಪ್ ಬಗ್ಗೆ ನಿನ್ನೆ ಸರಕಾರಿ ಅರ್ಜಿ ಹಾಕಿಕೊಡುವ ಇಲ್ಲಿನ ಅಕ್ಷಯ ಕೇಂದ್ರಕ್ಕೆ ಹೋಗಿ ವಿಚಾರಿಸಿದೆ. ಪ್ಲಸ್ ಟೂ ಬರೆದವರಲ್ಲಿ ಮೇಲಿನ ಶೇಕಡಾ 20ರೊಳಗೆ ಬಂದಿರಬೇಕು. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ರೂಪಾಯಿ ದಾಟಬಾರದು. ಇಡೀ ದೇಶಕ್ಕೆ ವರ್ಷಕ್ಕೆ 82,000 ಮಕ್ಕಳು, ಅದರಲ್ಲಿ ಅರ್ಧ ಹುಡುಗಿಯರಿಗೆ. ರಾಜ್ಯಕ್ಕೆ ಇಷ್ಟು, ಸೈನ್ಸಿಗೆ ಇಷ್ಟು, ಕಾಮರ್ಸಿಗೆ ಇಷ್ಟು ಅಂತ ಮೊದಲೇ ಹಂಚಿರುತ್ತಾರೆ. ಆ ಆದಾಯದ ಒಳಗೆ ಇರುವವರನ್ನು ಮಾರ್ಕಿನ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ನೀನು ಬಿಟ್ಟರೆ ಆ ಜಾಗ ನಿನ್ನ ಹಿಂದೆ ನಿಂತವರಿಗೆ ಹೋಗುತ್ತದೆ, ಅಷ್ಟೆ. ಅವರು ನಿನಗಿಂತ ಬಡವರೇ ಆಗಿರುತ್ತಾರೆ ಅಂತ ಏನಿದೆ? ನಿನ್ನ ತ್ಯಾಗ ಯಾರ ಮನೆಯ ಒಲೆ ಉರಿಸುತ್ತದೆ ಅಂತ ನಿನಗೂ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಾಗುವುದಿಲ್ಲ.

ರೇಷನ್ ಕಾರ್ಡ್ ಬಿಳಿಯದು, ಬಡವರದ್ದಲ್ಲ ಅಂತ ಹಿಂಜರಿದಿದ್ದೀಯ. ಹಳದಿ, ಗುಲಾಬಿ, ನೀಲಿ, ಬಿಳಿ ಅಂತ ಬಣ್ಣ ನೋಡಿ ಕೊಡುವುದಲ್ಲ ಇದು. ಕೇಳುವುದು ಆದಾಯದ ಸರ್ಟಿಫಿಕೇಟು. ತೋಟ ಇದೆ ಅಂದರೆ ಪೆಟ್ಟಿಗೆಯಲ್ಲಿ ದುಡ್ಡಿದೆ ಅಂತ ಅರ್ಥ ಅಲ್ಲ. ಮೈಲುತುತ್ತು, ಸುಣ್ಣ ತಂದು ಮಳೆಗೆ ಮೊದಲೊಮ್ಮೆ ಮದ್ದು ಬಿಟ್ಟು, ಮಳೆ ನಡುವೆ ಬಿಸಿಲು ಕಂಡ ದಿನ ಇನ್ನೊಮ್ಮೆ ಬಿಟ್ಟು, ಆದರೂ ಬುಡದಲ್ಲಿ ಉದುರಿದ ಹಸಿ ಅಡಿಕೆಯನ್ನು ಬುಟ್ಟಿಗಟ್ಟಲೆ ಹೆಕ್ಕಿದವಳು ನೀನೇ ಅಲ್ವಾ? ತೋಟದಿಂದ ಬಂದದ್ದನ್ನು ಮುಚ್ಚಬೇಡ. ಎಷ್ಟು ಬಂತೋ ಅಷ್ಟು ಹೇಳು. ಕಡಿಮೆ ಹೇಳಿದರೆ ಅದು ಸುಳ್ಳು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೇಳಿದರೆ ಅದು ಯಾರ ಪಾಲನ್ನೂ ಕಿತ್ತುಕೊಂಡ ಹಾಗಲ್ಲ.

ಈಗ ನನ್ನ ವಿಷಯ. ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ.

1994. ನಿನ್ನ ಅಮ್ಮ ಪ್ರಿಡಿಗ್ರಿ, ಅಂದರೆ ಈಗಿನ ಪ್ಲಸ್ ಟೂ, ಮುಗಿಸಿದ್ದಳು. ಒಳ್ಳೆ ಮಾರ್ಕು. ಬಿಎಸ್ಸಿ ಮಾಡಬೇಕು ಅಂತ ಅವಳಿಗೆ ತುಂಬ ಆಸೆ. ಮೇಷ್ಟ್ರೊಬ್ಬರು ಒಂದು ಸ್ಕಾಲರ್‌ಶಿಪ್ ಫಾರಂ ಕೊಟ್ಟು, ಆದಾಯದ ಸರ್ಟಿಫಿಕೇಟ್ ಇಟ್ಟು ಕಳಿಸು ಅಂದಿದ್ದರು. ನಿನ್ನ ಅಜ್ಜ ಗೊತ್ತಲ್ಲ, ಇನ್ನೊಬ್ಬರ ಮುಂದೆ ಕೈ ಚಾಚಬಾರದು ಅನ್ನುವವರು. ಅದಕ್ಕೆ ಅವಳು ಗುಟ್ಟಾಗಿ ನನ್ನ ಕೈಗೆ ಕೊಟ್ಟಳು. "ಅಣ್ಣ, ನೀನೇ ಹೋಗಿ ಬಾ" ಅಂದಳು.

ಮಳೆಗಾಲ. ಫಾರಂ ಒದ್ದೆಯಾಗಬಾರದು ಅಂತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಒಳಗೆ ಇಟ್ಟುಕೊಂಡು ಹೋದೆ. ವಿಲೇಜ್ ಆಫೀಸಿನ ಜಗಲಿಯ ಬೆಂಚಿನಲ್ಲಿ ನಮ್ಮ ತೋಟದ ಮರ ಹತ್ತುತ್ತಿದ್ದವನು ಕೂತಿದ್ದ. ಅವನ ಮಗಳಿಗೂ ಅದೇ ಸರ್ಟಿಫಿಕೇಟು ಬೇಕಿತ್ತು. ನನ್ನನ್ನು ಕಂಡು ಎದ್ದು ನಿಂತ. "ಧಣಿ, ನೀವು ಇಲ್ಲಿ?" ಅಂದ. ಸುಮ್ನೆ ಬಂದೆ ಅಂದೆ. ಹಾಗೇ ತಿರುಗಿ ನಡೆದೆ.

ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಇದು ಅವನಂಥವರಿಗೆ ಸಿಗಬೇಕಾದ್ದು, ತೋಟ ಇರುವ ನಾವು ಬಾಯಿ ಹಾಕಬಾರದು ಅಂತ. ಎಷ್ಟು ಒಳ್ಳೆಯ ಮಾತು ನೋಡು. ಮನೆ ಮುಟ್ಟುವಾಗ ನಾನೇ ಅದನ್ನು ನಂಬಿದ್ದೆ. ತಂಗಿಗೆ "ತಾರೀಕು ಮುಗಿದಿದೆಯಂತೆ" ಅಂದೆ. ಅವಳು ಏನೂ ಕೇಳಲಿಲ್ಲ. ಫಾರಂ ವಾಪಸು ತೆಗೆದುಕೊಂಡು ಒಳಗೆ ಹೋದಳು.

ಅವನ ಮಗಳಿಗೆ ಸಿಕ್ಕಿತು. ಓದಿ ಟೀಚರ್ ಆದಳು. ನಾನು ಬಿಟ್ಟುಕೊಟ್ಟದ್ದರಿಂದ ಸಿಕ್ಕಿದ್ದಲ್ಲ, ಪುಟ್ಟಿ. ನಾನು ಅವನ ಪಕ್ಕದಲ್ಲೇ ಕೂತಿದ್ದರೂ ಅವಳಿಗೆ ಸಿಗುತ್ತಿತ್ತು. ನಿನ್ನ ಅಮ್ಮ ಮಾತ್ರ ಆ ಬೇಸಿಗೆ ಅಂಗಳದಲ್ಲಿ ಕೂತು ಅಡಿಕೆ ಸುಲಿದಳು. ಅವಳ ಹೆಬ್ಬೆರಳಿನ ಮೇಲಿನ ಗಾಯದ ಗುರುತು ಆ ವರ್ಷದ್ದು. ಊಟ ಬಡಿಸುವಾಗ ಈಗಲೂ ನನಗೆ ಅದೇ ಕಾಣುತ್ತದೆ.

ಅವತ್ತು ನನಗಾದದ್ದು ಬರೀ ನಾಚಿಕೆ. ಅದನ್ನು ಬಡವರ ಮೇಲಿನ ಕರುಣೆ ಅಂತ ಅಂದುಕೊಂಡೆ. ನಿನ್ನ ಕಾಗದದಲ್ಲಿ ಆ ಮಾತು ಓದಿದಾಗ ಎದೆ ಧಸಕ್ಕೆಂದಿತು. ನಿನ್ನದೂ ನಾಚಿಕೆಯೇ ಅಂತ ನಾನು ಹೇಳುತ್ತಿಲ್ಲ. ನಿನ್ನ ಮನಸ್ಸು ನನ್ನದಕ್ಕಿಂತ ಚೊಕ್ಕ ಇರಬಹುದು. ಒಮ್ಮೆ ನೀನೇ ಕೇಳಿಕೋ. ಯಾರೂ ನೋಡದ ಹಾಗೆ ಆ ದುಡ್ಡು ಸಿಗುವುದಾದರೆ ಆಗಲೂ ಬೇಡ ಅನ್ನುತ್ತೀಯಾ?

ಉಳಿದದ್ದು ನನಗೆ ತಿಳಿದಷ್ಟು ಬರೆಯುತ್ತೇನೆ. ಆನ್‌ಲೈನ್ ಕೆಲಸ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಕೇಂದ್ರದ್ದು ಡಿಗ್ರಿಯ ಮೂರು ವರ್ಷ ವರ್ಷಕ್ಕೆ 12,000. ಅದರಲ್ಲಿ ಎಲ್ಲ ಆಗುವುದಿಲ್ಲ, ಬಸ್ಸಿಗೂ ಪುಸ್ತಕಕ್ಕೂ ಆದೀತು. ಕೇರಳದ ಉನ್ನತ ಶಿಕ್ಷಣ ಪರಿಷತ್ತಿನದು ಇನ್ನೊಂದಿದೆ, ಮೊದಲ ವರ್ಷ 12,000, ಆಮೇಲೆ 18,000, ಮೂರನೆಯದಕ್ಕೆ 24,000. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಲಿಕ್ಕಾಗುವುದಿಲ್ಲ. ದುಡ್ಡು ನೇರ ನಿನ್ನ ಖಾತೆಗೆ ಬರುವುದರಿಂದ ಆಧಾರ್ ಜೋಡಿಸಿದೆಯಾ ನೋಡು. ಆಧಾರಿನಲ್ಲಿ, ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ, ಬ್ಯಾಂಕಿನಲ್ಲಿ ನಿನ್ನ ಹೆಸರು ಒಂದೇ ಥರ ಇರಬೇಕು. ನಮ್ಮಲ್ಲಿ ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಇಂಗ್ಲಿಷಿಗೆ ಬರುವಾಗ ಒಂದಕ್ಷರ ಆಚೀಚೆ ಆಗಿಯೇ ಆಗುತ್ತದೆ. ಆದಾಯದ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಟ್ಟರೂ ನಡೆಯಬೇಕು, ಅದು ಇಲ್ಲಿನ ಕನ್ನಡಿಗರಾದ ನಮಗೆ ಕೇರಳದ 1969ರ ಭಾಷಾ ಕಾನೂನಿನಲ್ಲೇ ಇರುವ ಹಕ್ಕು. ಮತ್ತೆ, ಕೇಂದ್ರದ್ದನ್ನು ಪ್ರತಿ ವರ್ಷ ರಿನ್ಯೂ ಮಾಡಬೇಕಂತೆ. ಶೇಕಡಾ 50 ಮಾರ್ಕು, ಶೇಕಡಾ 75 ಹಾಜರಿ ಇದ್ದರೆ ಸಾಕು. ನಿನಗೆ ಅದು ಕಷ್ಟ ಅಲ್ಲ.

ಇಷ್ಟು ಹೇಳಲಿಕ್ಕೆ ನನಗೆ ಅಧಿಕಾರ ಇದೆಯಾ ಗೊತ್ತಿಲ್ಲ. ಆದರೂ ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಭೂಮಿ ತೆರಿಗೆಯ ರಶೀದಿ ಹುಡುಕಿಡು, ಅಜ್ಜನ ಟ್ರಂಕಿನಲ್ಲಿರಬೇಕು. ಮೊದಲು ಅಕ್ಷಯ, ಆಮೇಲೆ ವಿಲೇಜ್ ಆಫೀಸು. ಬೆಂಚಿನಲ್ಲಿ ಯಾರೇ ಕೂತಿರಲಿ, ನಾನು ನಿನ್ನ ಪಕ್ಕದಲ್ಲಿ ಕೂರುತ್ತೇನೆ.

ಹೊರಡುವ ಮೊದಲು ಅಮ್ಮನ ಹತ್ತಿರ ನನಗೆ ಹತ್ತು ನಿಮಿಷ ಮಾತಾಡುವುದಿದೆ. ಅಲ್ಲಿವರೆಗೆ ಈ ಕಾಗದ ಅವಳಿಗೆ ತೋರಿಸಬೇಡ.

ನಿನ್ನ ಮಾವ